ದಾನಿಗಳಿಗೆ ಫೋನ್ ಮಾಡಿದಾಗ ಇದೊಂದು ಕೇಳಿ ನೋಡಿ
ಸಂಸ್ಥೆಗೆ ದುಡ್ಡು ಕೊಟ್ಟವರಿಗೆ ಥ್ಯಾಂಕ್ಸ್ ಹೇಳಲು ಫೋನ್ ಮಾಡುತ್ತೀರಲ್ಲ, ಆಗ "ನಮಗೇ ಕೊಡಬೇಕು ಅಂತ ಯಾಕೆ ಅನಿಸಿತು?" ಅಂತ ಕೇಳಿ, ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದಿಟ್ಟುಕೊಳ್ಳಿ. ದೇಣಿಗೆ ಕೇಳಿ ಬರೆಯುವ ಮುಂದಿನ ಮನವಿ ಅಲ್ಲಿಂದಲೇ ಶುರುವಾಗಲಿ. ನಾವು ಸಬಲೀಕರಣ, ಸಮಗ್ರ ಅಭಿವೃದ್ಧಿ ಅಂತೆಲ್ಲ ಬರೆಯುತ್ತಿರುತ್ತೇವೆ, ಆದರೆ ಜಯನಗರದ ಅಜ್ಜಿಯೊಬ್ಬರು ಕೊಟ್ಟಿರುವುದು ಮನೆಕೆಲಸದವರ ಮಗಳು ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟಳಲ್ಲ ಅನ್ನೋ ಸಂಕಟಕ್ಕೆ ಇರಬಹುದು. ಆ ಮಾತು ಇನ್ನೊಬ್ಬರಿಗೂ ಬೇಗ ನಾಟುತ್ತದೆ. ಆದರೆ ಅವರ ಹೆಸರು ಹಾಕುವುದಾದರೆ ಒಪ್ಪಿಗೆ ಕೇಳಿ. ಅದೇ ಫೋನಲ್ಲಿ ಮತ್ತೆ ದುಡ್ಡು ಕೇಳಿದಿರೋ, ಕೆಟ್ಟಿತು. ಮಾರ್ಚ್‌ನಲ್ಲಿ ತೆರಿಗೆ ರಿಯಾಯಿತಿಯ ರಸೀದಿಗಾಗಿ ಕೊಟ್ಟವರು "ಟ್ಯಾಕ್ಸ್‌ಗೆ" ಅಂದು ಸುಮ್ಮನಾಗುತ್ತಾರೆ, ಅವರನ್ನು ಜಾಸ್ತಿ ಕೆದಕಬೇಡಿ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದವರಿಗಂತೂ ಇದು ನಡೆಯಲ್ಲ, ಅವರಿಗೆ ಬೇಕಿರುವುದು ವರದಿ.