ಅವರದೇ ದನಿ ಕೇಳಿಸಿ ಸಂಶೋಧನೆ ಕಲಿಸಿದ ಬಗೆ

ಆಪ್ತಸಮಾಲೋಚನೆಯಲ್ಲಿ ಪಿಎಚ್.ಡಿ.ಗೆ ಬಂದವರು ಮೊದಲು ಕೂತು ತಮ್ಮದೇ ಸಂದರ್ಶನದ ರೆಕಾರ್ಡಿಂಗನ್ನು ಬರೆದಿಳಿಸಬೇಕು, ಸಂಖ್ಯಾಶಾಸ್ತ್ರ ಆಮೇಲೆ ಎಂದು ನಾನು ಹೇಳಿದಾಗ ಮುಂಬೈಯ ಸಹೋದ್ಯೋಗಿಗಳು ಅದನ್ನು ಗುಮಾಸ್ತರ ಕೆಲಸವೆಂದರು. ಆ ದಾರಿಯಲ್ಲಿ ಬಂದ ಐವರಲ್ಲಿ ನಾಲ್ವರು ಈಗ ಮಹಾಪ್ರಬಂಧ ಸಲ್ಲಿಸಿದ್ದಾರೆ. ಸಂಖ್ಯಾಶಾಸ್ತ್ರದಿಂದ ಶುರುವಾಗುತ್ತಿದ್ದ ಹಳೆಯ ದಾರಿಯಲ್ಲಿ ಆರು ಮಂದಿಯಲ್ಲಿ ಇಬ್ಬರು ಮಾತ್ರ ಆ ಘಟ್ಟ ಮುಟ್ಟಿದ್ದರು.

ಹಳೆಯ ದಾರಿಗೆ ಸುರಿದ ದುಡ್ಡು ಸಣ್ಣದಲ್ಲ. ಸಂಖ್ಯಾಶಾಸ್ತ್ರದ ತಂತ್ರಾಂಶ ಕಲಿಸುವ ಮೂರು ದಿನದ ಎಸ್‌ಪಿಎಸ್‌ಎಸ್ ಕಾರ್ಯಾಗಾರಕ್ಕೆ ಸುಮಾರು 40,000 ರೂಪಾಯಿ, ಸಂದರ್ಶನಗಳನ್ನು ಹೊರಗೆ ಟೈಪು ಮಾಡಿಸಲು ಮತ್ತೆ 25,000ದಷ್ಟು ಹೋಯಿತು. ಟೈಪಾಗಿ ಬಂದ ಹಾಳೆಗಳಲ್ಲಿ ತಡವರಿಕೆ, ನಿಟ್ಟುಸಿರು, ಮೌನ ಯಾವುದೂ ಇರಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮ ಕೇಳುವ ಕನಿಷ್ಠ 12 ಕ್ರೆಡಿಟ್ ಕೋರ್ಸ್‌ವರ್ಕ್ ಮುಗಿಸಿದವರಿಗೂ ಆ ಕೊರತೆ ಕಾಣಲಿಲ್ಲ.

ನನ್ನ ಕಣ್ಣು ತೆರೆಸಿದ್ದು ಮಾಟುಂಗದ ಹೋಟೆಲ್ ಕಾರ್ಮಿಕರೊಬ್ಬರ ಸಂದರ್ಶನ. "ಊರು ನೆನಪಾದ್ರೆ ಅನ್ನ ಇಳಿಯೋದಿಲ್ಲ" ಎಂದು ಅವರು ಸುಮ್ಮನಾದ ಕೂಡಲೇ ನನ್ನ ವಿದ್ಯಾರ್ಥಿನಿ "ನಿಮಗೆ ಒಂಟಿತನ ಕಾಡ್ತಿದೆ, ಅಲ್ವಾ?" ಎಂದಳು. ಸಮಾಲೋಚಕಿಯ ಬಾಯಲ್ಲಿ ಅದು ಸಲ್ಲುವ ಮಾತು. ಆದರೆ ಮುಂದಿನ ಇಪ್ಪತ್ತು ನಿಮಿಷ ಅವರು "ಹೌದು ಮೇಡಂ" ಎನ್ನುತ್ತಲೇ ಹೋದರು, ವಿಶ್ಲೇಷಣೆಯಲ್ಲಿ ಒಂಟಿತನವೇ ಮುಖ್ಯ ಥೀಮ್, ಅಂದರೆ ಮಾತುಗಳನ್ನು ಪೋಣಿಸುವ ಎಳೆ, ಆಯಿತು. ಆ ಪದವನ್ನು ಅಲ್ಲಿಟ್ಟವಳು ತಾನೇ ಎಂಬುದು ಅವಳಿಗೆ ಹೊಳೆದದ್ದು ರೆಕಾರ್ಡಿಂಗನ್ನು ಬರೆದಿಳಿಸುತ್ತ ಕೂತ ಐದನೇ ಗಂಟೆಯಲ್ಲಿ. ಎರಡನೆಯ ಭೇಟಿಯಲ್ಲಿ ಅದೇ ವಿಷಯ ಬಂದಾಗ ಅವಳು ಹನ್ನೊಂದು ಸೆಕೆಂಡು ಮಾತಾಡಲಿಲ್ಲ. ಆಗ ಅವರು ಹೇಳಿಕೊಂಡದ್ದು, ತಾವು ಕಳಿಸಿದ ಹಣದಲ್ಲಿ ಎದ್ದ ಮನೆಯಲ್ಲಿ ತಮಗೆ ಮಲಗಲು ಒಂದು ಕೋಣೆಯಿಲ್ಲ ಎಂಬುದನ್ನು.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಶನಿವಾರ ಎಲ್ಲರೂ ಸೇರುತ್ತೇವೆ. ಒಂದು ಗಂಟೆಯ ಧ್ವನಿಗೆ ಆರೇಳು ಗಂಟೆಯ ಬರವಣಿಗೆ ಬೇಕು. ಅದರಲ್ಲಿ ಹತ್ತು ನಿಮಿಷದ ಭಾಗವನ್ನು ತಂದು, ತಾವು ಸಂಶೋಧಕರಾಗಿ ಕೇಳಿದ ಮಾತಿಗೆ ನೀಲಿ, ಸಂತೈಸಲು ಹೋದ ಮಾತಿಗೆ ಕೆಂಪು ಗೆರೆ ಎಳೆಯುತ್ತಾರೆ. ಮೊದಲ ತಿಂಗಳು ಹಾಳೆಯೆಲ್ಲ ಕೆಂಪು. ನೊಂದವರನ್ನು ಹಾಗೇ ಬಿಟ್ಟು ಬರುವುದು ಅನೈತಿಕವಲ್ಲವೇ ಎಂದು ಕೆಲವರು ಆಕ್ಷೇಪಿಸಿದರು, ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದ ತಂಡಕ್ಕೆ ಸೇರದ ಸಮಾಲೋಚಕರೊಬ್ಬರನ್ನು ಮೊದಲೇ ಗೊತ್ತುಮಾಡಿ, ಅವರ ಸಂಪರ್ಕವನ್ನು ಒಪ್ಪಿಗೆಪತ್ರದಲ್ಲಿ ಬರೆದಿಡುತ್ತೇವೆ.  

ಇದರ ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಒಂದೇ ಸಂದರ್ಶನವನ್ನು ಒಬ್ಬಳು ಕನ್ನಡದಲ್ಲಿ, ಇನ್ನೊಬ್ಬ ಇಂಗ್ಲಿಷ್ ಅನುವಾದದಲ್ಲಿ ಕೋಡ್ ಮಾಡಿದರು, ಅಂದರೆ ಮಾತಿನ ತುಣುಕುಗಳಿಗೆ ಅರ್ಥಕ್ಕೆ ತಕ್ಕ ಹೆಸರು ಕೊಟ್ಟರು. 'ಬೇಜಾರು' ಎಂಬ ಒಂದೇ ಮಾತು ಅನುವಾದದಲ್ಲಿ ಒಂದೆಡೆ ಬೋರ್‌ಡಮ್, ಇನ್ನೊಂದೆಡೆ ಸ್ಯಾಡ್‌ನೆಸ್ ಆಗಿ ಎರಡು ಥೀಮ್‌ಗಳಿಗೆ ಹಂಚಿಹೋಗಿತ್ತು. ಹಾಗಾಗಿ ಮಹಾಪ್ರಬಂಧ ಇಂಗ್ಲಿಷಿನಲ್ಲಿದ್ದರೂ ಕೋಡ್‌ಗಳನ್ನು ಕೊನೆಯ ಅಧ್ಯಾಯದವರೆಗೆ ಕನ್ನಡದಲ್ಲೇ ಇಡುತ್ತೇವೆ. ಅದಕ್ಕೆ ಉಚಿತವಾಗಿ ಸಿಗುವ ಟ್ಯಾಗೆಟ್ ಎಂಬ ತಂತ್ರಾಂಶ ಸಾಕಾಗಿದೆ. ಈ ದಾರಿಯಲ್ಲಿ ನಾನು ಖರ್ಚು ಮಾಡಿದ್ದು ಎರಡು ರೆಕಾರ್ಡರಿಗೆ, ಸುಮಾರು 9,000 ರೂಪಾಯಿ.