ಮಳೆಗಾಲಕ್ಕೆ ಮುನ್ನ ಕೂಡಿಟ್ಟ ಹಳೆಯ ಆಟಗಳು

ಕೊಡಗಿನ ಶಾಂತಳ್ಳಿ ಹೋಬಳಿಯ ನಮ್ಮ ಊರಿನಲ್ಲಿ ಮೇ ತಿಂಗಳು ಮುಗಿಯುವ ಮೊದಲು ಮನೆಯೊಳಗೆ ಸೇರಬೇಕಾದ ವಸ್ತುಗಳಿಗೆ ಒಂದು ಪಟ್ಟಿಯಿರುತ್ತದೆ: ಒಣಗಿದ ಸೌದೆ, ಎರಡು ಮೂರು ತಿಂಗಳಿಗಾಗುವಷ್ಟು ಅಕ್ಕಿ ಬೇಳೆ, ಒಣಮೀನು, ಟಾರ್ಚಿನ ಸೆಲ್ಲು, ಇನ್ವರ್ಟರ್ ಬ್ಯಾಟರಿಗೆ ಬೇಕಾದ ಡಿಸ್ಟಿಲ್ಡ್ ವಾಟರ್. 2019ರ ಮಳೆಗಾಲದ ನಂತರ ನಾನು ಈ ಪಟ್ಟಿಯ ಕೊನೆಗೆ ಇನ್ನೊಂದು ವಸ್ತುವನ್ನು ಸೇರಿಸಿಕೊಂಡಿದ್ದೇನೆ. ಅದು ಹಳೆಯ ಕಂಪ್ಯೂಟರ್ ಆಟಗಳ ಇನ್‌ಸ್ಟಾಲರ್ ಕಡತಗಳನ್ನು ತುಂಬಿಸಿಟ್ಟ ಒಂದು ಹಾರ್ಡ್ ಡಿಸ್ಕ್. ಮನೆಯವರು ಇದನ್ನು ಕಂಡು ನಗುತ್ತಾರೆ. ಆದರೆ ಜುಲೈ ತಿಂಗಳಲ್ಲಿ ಮರ ಬಿದ್ದು ವಿದ್ಯುತ್ ತಂತಿ ಹರಿದು, ಮೊಬೈಲ್ ಟವರಿನ ಬ್ಯಾಟರಿಯೂ ಬರಿದಾಗಿ, ತೋಟದ ಕಡೆಗೆ ಕಾಲಿಡಲಾಗದಂತೆ ಮಳೆ ಹೊಡೆಯುವ ದಿನಗಳಲ್ಲಿ ನಾನು ಲ್ಯಾಪ್‌ಟಾಪ್ ತೆರೆದಾಗ ಪಕ್ಕದಲ್ಲಿ ಬಂದು ಕುಳಿತುಕೊಳ್ಳುವವರೂ ಅವರೇ.

ಈ ಅಭ್ಯಾಸ ಶುರುವಾದದ್ದು ಒಂದು ಅವಮಾನದಿಂದ. 2019ರ ಆಗಸ್ಟ್‌ನಲ್ಲಿ, ನಾನು ಹುಡುಗನಾಗಿದ್ದಾಗ ಆಡುತ್ತಿದ್ದ ಒಂದು ಆಟದ ಹೊಸ ಆವೃತ್ತಿಯನ್ನು ಆನ್‌ಲೈನ್ ಮಳಿಗೆಯೊಂದರಲ್ಲಿ ಕೊಂಡು, ಮೂರು ರಾತ್ರಿ ಕಾದು ಇಳಿಸಿಕೊಂಡಿದ್ದೆ. ಮಾರನೆಯ ವಾರ ಜಾಲಸಂಪರ್ಕ ಹೋಯಿತು. ಆಟ ನನ್ನ ಡಿಸ್ಕಿನಲ್ಲೇ ಇತ್ತು, ಹಣವೂ ಸಂದಾಯವಾಗಿತ್ತು. ಆದರೂ ಅದು ಎಲ್ಲಿಯೋ ಇರುವ ಸರ್ವರಿನ ಅಪ್ಪಣೆಯಿಲ್ಲದೆ ತೆರೆಯಲು ಒಪ್ಪಲಿಲ್ಲ. ಆಫ್‌ಲೈನ್ ಆಗಿ ಆಡುವ ಸೌಲಭ್ಯವೊಂದು ಅದರಲ್ಲಿ ಇತ್ತು, ಆದರೆ ಅದನ್ನು ಸಂಪರ್ಕವಿರುವಾಗಲೇ ಸಿದ್ಧಪಡಿಸಿಕೊಳ್ಳಬೇಕಾಗಿತ್ತು ಎಂಬುದು ನನಗೆ ತಿಳಿದದ್ದು ಸಂಪರ್ಕ ಮರಳಿ ಬಂದ ಮೇಲೆ. ಹನ್ನೊಂದು ದಿನ ಆ ಆಟದ ಚಿತ್ರವನ್ನು ಮಾತ್ರ ಪರದೆಯ ಮೇಲೆ ನೋಡಿಕೊಂಡಿದ್ದೆ.

ಹಾಗಾದರೆ ಹಳೆಯ ಸಿಡಿಗಳನ್ನೇ ಹಾಕಿ ಆಡೋಣವೆಂದು ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ನಮ್ಮ ಕಡೆ ಮಳೆಗಾಲದಲ್ಲಿ ಚರ್ಮದ ಚಪ್ಪಲಿ, ಪುಸ್ತಕದ ರಟ್ಟು, ಕ್ಯಾಮೆರಾದ ಲೆನ್ಸು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ, ಸಿಡಿಗಳಿಗೂ ಹಿಡಿದಿತ್ತು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಹತ್ತಿಬಟ್ಟೆಯಿಂದ, ಸುತ್ತಲೂ ತಿರುಗಿಸದೆ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಏಕೆಂದರೆ ಸಿಡಿಯ ಮೇಲಿನ ಮಾಹಿತಿ ಸುರುಳಿಯ ಜಾಡಿನಲ್ಲಿರುತ್ತದೆ. ಆ ಜಾಡಿನ ಉದ್ದಕ್ಕೂ ಬಿದ್ದ ಗೀರನ್ನು ದೋಷ ತಿದ್ದುವ ವ್ಯವಸ್ಥೆ ಸರಿಪಡಿಸಲಾರದು, ಅಡ್ಡಲಾಗಿ ಬಿದ್ದ ಗೀರನ್ನಾದರೆ ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ. ಹದಿನಾಲ್ಕು ಸಿಡಿಗಳಲ್ಲಿ ಒಂಬತ್ತು ಓದಿಸಿಕೊಂಡವು. ಅವುಗಳ ಇಮೇಜ್ ಕಡತಗಳನ್ನು, ಅಂದರೆ ಇಡೀ ಸಿಡಿಯ ನಕಲುಗಳನ್ನು, ಕೂಡಲೇ ಮಾಡಿಕೊಂಡೆ. ಇದು ಕಳ್ಳತನವೆಂಬ ಅಳುಕು ನನಗಿತ್ತು, ಆದರೆ 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವನು ಅದು ನಷ್ಟವಾಗದಂತೆ ಕಾಪಾಡಿಕೊಳ್ಳಲು ಬ್ಯಾಕಪ್ ಪ್ರತಿ ಮಾಡಿಕೊಳ್ಳುವುದಕ್ಕೆ ಅವಕಾಶ ಕೊಟ್ಟಿದೆ.

ಓದಿಸಿಕೊಂಡ ಒಂಬತ್ತರಲ್ಲಿ ಆಡಲು ಬಂದವು ಮಾತ್ರ ಐದು. ಉಳಿದ ನಾಲ್ಕರಲ್ಲಿ ಮೂರಕ್ಕೆ ಅಡ್ಡಿಯಾದದ್ದು ಸೇಫ್‌ಡಿಸ್ಕ್ ಎಂಬ ನಕಲು ತಡೆ. 2000ದ ಆಸುಪಾಸಿನ ಎಷ್ಟೋ ಆಟಗಳಲ್ಲಿ ಇದು ಇತ್ತು. ಸಿಡಿಯನ್ನು ಅಚ್ಚು ಹಾಕುವಾಗಲೇ ಕೆಲವು ಭಾಗಗಳನ್ನು ಬೇಕೆಂದೇ ಓದಲಾಗದಂತೆ ಕೆಡಿಸಿಡುತ್ತಿದ್ದರು. ಸಾಮಾನ್ಯವಾಗಿ ಪ್ರತಿ ತೆಗೆದರೆ ಆ ಕೆಟ್ಟ ಭಾಗಗಳು ಯಥಾವತ್ತಾಗಿ ಬರುತ್ತಿರಲಿಲ್ಲ. ಅವು ಇವೆಯೇ ಎಂದು ಪರೀಕ್ಷಿಸಿ ಆಟವನ್ನು ತೆರೆಯುವ ಕೆಲಸವನ್ನು ವಿಂಡೋಸ್‌ನ ಆಳದಲ್ಲಿ ಕೂರುವ ಒಂದು ಡ್ರೈವರ್ ಮಾಡುತ್ತಿತ್ತು. ಆ ಡ್ರೈವರ್ ಭದ್ರತೆಗೆ ಅಪಾಯವೆಂದು ಮೈಕ್ರೋಸಾಫ್ಟ್ 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಅದನ್ನು ಕೈಬಿಟ್ಟಿತು. ಹೀಗಾಗಿ ಅಂಗಡಿಯಲ್ಲಿ ಹಣ ಕೊಟ್ಟು ತಂದ ಅಸಲಿ ಸಿಡಿ ಓಡುವುದಿಲ್ಲ, ಪಕ್ಕದ ಮನೆಯವನು ಬೀದಿಯಲ್ಲಿ ಕೊಂಡ, ತಡೆ ಮುರಿದ ಐವತ್ತು ರೂಪಾಯಿಯ ಸಿಡಿ ಇಂದಿಗೂ ಓಡುತ್ತದೆ. ಕಳ್ಳನಿಗೆಂದು ಹಾಕಿದ ಬೇಲಿಯೊಳಗೆ ಸಿಕ್ಕಿಬಿದ್ದವನು ಮನೆಯ ಯಜಮಾನ.

ನಕಲು ತಡೆಯ ಜೊತೆಗೆ ನನ್ನ ಪರಿಚಯ ಇದಕ್ಕಿಂತ ಹಳೆಯದು. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ನಾವು ಆಡುತ್ತಿದ್ದ ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ (ಜೋರ್ಡನ್ ಮೆಕ್ನರ್ ಅದನ್ನು 1989ರಲ್ಲಿ ಆಪಲ್ 2 ಯಂತ್ರಕ್ಕಾಗಿ ಬರೆದದ್ದು) ಮೊದಲ ಹಂತ ಮುಗಿದೊಡನೆ ಅಕ್ಷರಗಳ ಕೆಳಗೆ ಔಷಧದ ಕುಡಿಕೆಗಳನ್ನು ಇಟ್ಟ ಒಂದು ಕೋಣೆ ಬರುತ್ತಿತ್ತು. ಆಟದ ಜೊತೆ ಕೊಟ್ಟ ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲಕ್ಷರ ಯಾವುದೋ ಆ ಕುಡಿಕೆಯನ್ನೇ ಕುಡಿಯಬೇಕು. ತಪ್ಪಿದರೆ ಪ್ರಾಣಕ್ಕೇ ಪೆಟ್ಟು ಬೀಳುತ್ತದೆ. ನಮ್ಮಲ್ಲಿ ಕೈಪಿಡಿಯೇ ಇರಲಿಲ್ಲ, ಕೈಪಿಡಿ ಎಂಬುದೊಂದು ಇರುತ್ತದೆಂಬ ಕಲ್ಪನೆಯೂ ಇರಲಿಲ್ಲ. ಅದು ಆಟದ ಅತ್ಯಂತ ಕಠಿಣ ಒಗಟೆಂದು ನಂಬಿ, ಯಾವ ಅಕ್ಷರ ಶುಭವೆಂದು ವಾದ ಮಾಡುತ್ತಿದ್ದೆವು. ಕೊನೆಗೆ ಮೇಲಿನ ತರಗತಿಯವನೊಬ್ಬ ‘ಪ್ರಿನ್ಸ್ ಮೆಗಾಹಿಟ್’ ಎಂದು ಟೈಪ್ ಮಾಡಿ ಆಟ ತೆರೆದು, ಶಿಫ್ಟ್ ಮತ್ತು ಎಲ್ ಒತ್ತಿ ಹಂತ ದಾಟುವ ಮಂತ್ರವನ್ನು ಒಂದು ಪೆಪ್ಸಿಗೆ ಮಾರಿದ.

ಐದು ಸಿಡಿಗಳಿಂದ ಮಳೆಗಾಲ ಕಳೆಯುವುದಿಲ್ಲವಾದ್ದರಿಂದ ನಾನು ಡಿಆರ್‌ಎಂ ಇಲ್ಲದ, ಅಂದರೆ ಯಾವ ಬೀಗವೂ ಇಲ್ಲದ ಆಟಗಳನ್ನು ಹುಡುಕತೊಡಗಿದೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿ 2008ರಲ್ಲಿ ‘ಗುಡ್ ಓಲ್ಡ್ ಗೇಮ್ಸ್’ ಎಂಬ ಹೆಸರಿನಲ್ಲಿ ಆರಂಭಿಸಿದ, ಈಗ ಗಾಗ್ ಎಂದು ಕರೆಯಲಾಗುವ ಮಳಿಗೆಯಲ್ಲಿ ಮಾರುವುದೇ ಇಂಥವನ್ನು. ಅಲ್ಲಿ ಆಟ ಕೊಂಡರೆ ‘ಆಫ್‌ಲೈನ್ ಬ್ಯಾಕಪ್ ಇನ್‌ಸ್ಟಾಲರ್’ ಎಂಬ ಕಡತಗಳು ಸಿಗುತ್ತವೆ. ಒಮ್ಮೆ ಇಳಿಸಿಕೊಂಡರೆ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ. ಆಟಗಳನ್ನು ಇಳಿಸಿ ತೆರೆಯಲು ಅವರದೇ ಲಾಂಚರ್ ಇದೆ, ಆದರೆ ಅದು ಬೇಕಾದವರಿಗೆ ಮಾತ್ರ. ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ ಆಟಗಳಿಗೆ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವನ್ನು ಹೊಂದಿಸಿ ಕೊಟ್ಟಿರುತ್ತಾರೆ. ಪಾವತಿಯ ವಿಷಯದಲ್ಲಿ ಒಂದು ಮಾತು: ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್‌ನಿಂದ ಹೊಸದಾಗಿ ಕೊಡುವ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮುಚ್ಚಿಯೇ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ಮಿತಿಯನ್ನು ಚಿಕ್ಕದಾಗಿಟ್ಟು, ಕೊಂಡ ಮೇಲೆ ಮತ್ತೆ ಮುಚ್ಚುತ್ತೇನೆ.

ಇಳಿಸಿಕೊಳ್ಳುವ ಕೆಲಸವನ್ನು ಊರಿನಲ್ಲಿ ಮಾಡುವುದಿಲ್ಲ. ಕುಶಾಲನಗರದಲ್ಲಿರುವ ಅಕ್ಕನ ಮನೆಗೆ ಫೈಬರ್ ಸಂಪರ್ಕವಿದೆ, ಅಲ್ಲಿ ನಮ್ಮಷ್ಟು ಮಳೆಯೂ ಇಲ್ಲ. ಏಪ್ರಿಲ್‌ನಲ್ಲಿ ಎರಡು ದಿನ ಅಲ್ಲಿದ್ದು ಎಲ್ಲವನ್ನೂ ಇಳಿಸಿಕೊಂಡು ಬರುತ್ತೇನೆ. ಮೊದಲ ವರ್ಷ ಇಲ್ಲಿಯೂ ಒಂದು ಪೆಟ್ಟು ತಿಂದೆ. ದೊಡ್ಡ ಆಟಗಳ ಇನ್‌ಸ್ಟಾಲರ್ ಒಂದೇ ಕಡತವಾಗಿರುವುದಿಲ್ಲ. ಒಂದು ಸೆಟಪ್ ಕಡತ, ಅದರ ಜೊತೆಗೆ ಬಿನ್ ಎಂದು ಕೊನೆಯಾಗುವ ತುಂಡುಗಳು ಇರುತ್ತವೆ. ನಾನು ಸೆಟಪ್ ಕಡತವನ್ನೂ ಮೊದಲ ತುಂಡನ್ನೂ ತಂದು, ಎರಡನೆಯ ತುಂಡನ್ನು ಕುಶಾಲನಗರದಲ್ಲೇ ಬಿಟ್ಟು ಬಂದಿದ್ದೆ. ಅದು ಗೊತ್ತಾದದ್ದು ಕಕ್ಕಡದ, ಅಂದರೆ ಮಳೆ ಬಿಡದೆ ಹೊಡೆಯುವ ಕೊಡವ ತಿಂಗಳ, ನಟ್ಟನಡುವೆ. ಅಂದಿನಿಂದ ನನ್ನದು ಒಂದೇ ಪರೀಕ್ಷೆ: ಅಕ್ಕನ ಮನೆ ಬಿಡುವ ಮೊದಲು ಲ್ಯಾಪ್‌ಟಾಪಿನ ವೈಫೈ ಆರಿಸಿ, ಪ್ರತಿಯೊಂದು ಆಟವನ್ನೂ ಹಾರ್ಡ್ ಡಿಸ್ಕಿನಿಂದಲೇ ಇನ್‌ಸ್ಟಾಲ್ ಮಾಡಿ, ಆಡಿ, ಉಳಿಸಿ, ಮುಚ್ಚಿ, ಮತ್ತೆ ತೆರೆದು ನೋಡುವುದು. ಡಿಸ್ಕುಗಳು ಎರಡು, ಒಂದು ಅಕ್ಕನಲ್ಲಿ, ಇನ್ನೊಂದು ನನ್ನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯೊಳಗೆ. ಪೊಟ್ಟಣಗಳನ್ನು ವಾರಕ್ಕೊಮ್ಮೆ ಒಲೆಯ ಬಳಿ ಬೆಚ್ಚಗೆ ಒಣಗಿಸುತ್ತೇನೆ.

ಇನ್ನು ರೀಮಾಸ್ಟರ್‌ಗಳ, ಅಂದರೆ ಹಳೆಯ ಆಟಕ್ಕೆ ಹೊಸ ಚಿತ್ರ ತೊಡಿಸಿ ಮತ್ತೆ ಬಿಡುವ ಆವೃತ್ತಿಗಳ ಮಾತು. ಆರಂಭದಲ್ಲಿ ನನಗೆ ಅವುಗಳ ಮೇಲೆ ಅಸಡ್ಡೆಯಿತ್ತು; ಹಳೆಯ ಮನೆಗೆ ಟೈಲ್ಸ್ ಹಾಕಿಸಿ ಹೊಸ ಮನೆಯೆಂದು ಮಾರುವ ವ್ಯಾಪಾರವೆಂದು ತಿಳಿದಿದ್ದೆ. ಆ ಅಭಿಪ್ರಾಯವನ್ನು ಬದಲಿಸಿದ್ದು 2024ರ ಫೆಬ್ರವರಿಯಲ್ಲಿ ಬಂದ ಟೂಂಬ್ ರೈಡರ್‌ನ ಮೊದಲ ಮೂರು ಭಾಗಗಳ ರೀಮಾಸ್ಟರ್. 1996ರ ಮೂಲ ಆಟವೇ ಅದರ ಒಳಗಿದೆ. ಎಫ್1 ಕೀಲಿ ಒತ್ತಿದರೆ ಹೊಸ ಚಿತ್ರಗಳು ಹೋಗಿ ಹಳೆಯ ಚೌಕ ಚೌಕದ ಲೋಕ ಬರುತ್ತದೆ, ಮತ್ತೆ ಒತ್ತಿದರೆ ಹೊಸದು. ಇದು ಬರಿಯ ಚಮತ್ಕಾರವೆಂದುಕೊಂಡಿದ್ದ ನಾನು ಆಡುತ್ತಾ ಅದನ್ನು ಉಪಕರಣದಂತೆ ಬಳಸತೊಡಗಿದೆ. ಹೊಸ ಚಿತ್ರಗಳಲ್ಲಿ ಬೆಳಕು ನೈಜವಾಗಿರುವುದರಿಂದ ಗುಹೆಗಳು ನಿಜವಾಗಿಯೂ ಕತ್ತಲಾಗಿವೆ. ನೆಲದ ಮೇಲೆ ಬಿದ್ದಿರುವ ಬೀಗದ ಕೈ ಕಾಣುವುದಿಲ್ಲ. ಎಫ್1 ಒತ್ತಿದರೆ ಸಾಕು, ಹಳೆಯ ಚಿತ್ರದಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ.

ಅದಕ್ಕಿಂತ ಮುಖ್ಯವಾದದ್ದು ನಿಯಂತ್ರಣದ ವಿಷಯ. ಈ ಆಟದ ನೆಲವೆಲ್ಲ ಒಂದೇ ಅಳತೆಯ ಚೌಕಗಳಿಂದ ಆಗಿದೆ. ನಿಂತಲ್ಲಿಂದ ಹಾರಿದರೆ ಒಂದು ಚೌಕ, ಓಡಿ ಬಂದು ಹಾರಿದರೆ ಎರಡು. ಅಂಚಿಗೆ ನಡೆದು ನಿಂತು, ಹಿಂದಕ್ಕೆ ಒಂದು ಜಿಗಿತ ಹಾಕಿದರೆ ಓಟಕ್ಕೆ ಬೇಕಾದ ದೂರ ಸರಿಯಾಗಿ ಸಿಗುತ್ತದೆ. ಹಳೆಯ ನಿಯಂತ್ರಣ ಮೊದಲ ಬಾರಿಗೆ ಹಿಡಿದವರಿಗೆ ಎತ್ತಿನ ಗಾಡಿಯನ್ನು ತಿರುಗಿಸಿದಂತೆ ಅನಿಸುವುದು ನಿಜ, ಆದರೆ ಚೌಕದ ಲೆಕ್ಕಕ್ಕೆ ಹೊಂದುವುದು ಅದೇ. ರೀಮಾಸ್ಟರಿನಲ್ಲಿ ಕೊಟ್ಟಿರುವ ಆಧುನಿಕ ನಿಯಂತ್ರಣ ಓಡಾಡಲು ಹಗುರ, ಹಾರಲು ಅನಿಶ್ಚಿತ. ಒಂಬತ್ತನೆಯ ತರಗತಿಯ ಅಕ್ಕನ ಮಗ ಆಧುನಿಕವನ್ನೇ ಹಿಡಿದು ಒಂದೇ ಬಂಡೆಯಿಂದ ಹದಿನೈದು ಸಲ ಬಿದ್ದ ಮೇಲೆ, “ಮಾವ, ನಿಮ್ಮ ಕಾಲದ್ದನ್ನೇ ಹಾಕಿಕೊಡಿ” ಎಂದ. ಚಿತ್ರ ಹೊಸದು, ನಿಯಂತ್ರಣ ಹಳೆಯದು ಎಂಬ ಈ ಬೆರಕೆಯನ್ನೇ ನಾವಿಬ್ಬರೂ ಉಳಿಸಿಕೊಂಡಿದ್ದೇವೆ. ಇದು ಗಾಗ್‌ನಲ್ಲಿ ಬೀಗವಿಲ್ಲದೆ ಸಿಗುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ರಾಜ್ಯ ಕಟ್ಟಿ ಯುದ್ಧ ಮಾಡುವ ಏಜ್ ಆಫ್ ಎಂಪೈರ್ಸ್‌ನ ಎರಡನೆಯ ಭಾಗದ ವಿಷಯದಲ್ಲಿ ನನ್ನ ಮನಸ್ಸು ಇಂದಿಗೂ ಎರಡಾಗಿದೆ. 2019ರ ನವೆಂಬರ್‌ನಲ್ಲಿ ಬಂದ ಅದರ ರೀಮಾಸ್ಟರ್ ‘ಡೆಫಿನಿಟಿವ್ ಎಡಿಷನ್’ ಎಲ್ಲ ರೀತಿಯಿಂದಲೂ ಉತ್ತಮ ಆಟ. 1999ರ ಮೂಲದಲ್ಲಿ ಬೆಳೆ ಮುಗಿದ ಹೊಲಕ್ಕೆ ಪ್ರತಿ ಸಲವೂ ಕೈಯಾರೆ ಮತ್ತೆ ಬಿತ್ತಬೇಕಿತ್ತು. ಈಗ ಅದು ತಾನಾಗಿಯೇ ನಡೆಯುತ್ತದೆ. ತೋಟದಲ್ಲಿ ಕಾರ್ಮಿಕರು ಸಿಗದೆ ಒದ್ದಾಡುವ ನನ್ನಂಥವನಿಗೆ ಇದು ಕಣ್ಣು ಕುಕ್ಕುವ ಸೌಲಭ್ಯ. 2022ರಲ್ಲಿ ಬಂದ ಭಾರತದ ವಿಸ್ತರಣೆಯಲ್ಲಿ ದ್ರಾವಿಡರೂ ಇದ್ದಾರೆ, ಅವರ ಕೈಯಲ್ಲಿ ಬಳುಕುವ ಕತ್ತಿಯಾದ ಉರುಮಿಯೂ ಇದೆ. ಅವರ ಕಥೆ ರಾಜೇಂದ್ರ ಚೋಳನದು, ಸೈನಿಕರು ಆಡುವುದು ತಮಿಳು. ಚಾಲುಕ್ಯರೂ ಹೊಯ್ಸಳರೂ ಬರಲೆಂದು ನಾನು ಕಾದಿದ್ದೇನೆ. ಆದರೆ ಈ ಆವೃತ್ತಿಯನ್ನು ಪಿಸಿಯಲ್ಲಿ ಮಾರುವುದು ಸ್ಟೀಮ್ ಮತ್ತು ಮೈಕ್ರೋಸಾಫ್ಟ್ ಮಳಿಗೆಗಳಲ್ಲಿ. ಡಬ್ಬಿಯಲ್ಲಿ ಹಾಕಿಡಬಹುದಾದ ಇನ್‌ಸ್ಟಾಲರ್ ಕೊಡುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಅದನ್ನು, ಮಳೆಗಾಲದಲ್ಲಿ ಓದಿಸಿಕೊಂಡ ನನ್ನ ಹಳೆಯ ಸಿಡಿಯನ್ನು ಆಡುತ್ತೇನೆ. ಹಳೆಯದು ಈಗಿನ ವಿಂಡೋಸ್‌ನಲ್ಲಿ ನೀರನ್ನು ನೇರಳೆ ಬಣ್ಣದಲ್ಲಿ ತೋರಿಸುತ್ತಿತ್ತು, ಏಕೆಂದರೆ ಅದು 256 ಬಣ್ಣಗಳ ಒಂದೇ ಪಟ್ಟಿಯನ್ನು ಬಳಸುತ್ತದೆ, ಆ ಪಟ್ಟಿಯನ್ನು ಡೆಸ್ಕ್‌ಟಾಪ್ ಕೆಡಿಸುತ್ತದೆ. ಹಳೆಯ ಆಟಗಳು ಚಿತ್ರ ಬಿಡಿಸಲು ಬಳಸುವ ಡೈರೆಕ್ಟ್‌ಡ್ರಾವನ್ನು ಇಂದಿನ ಗ್ರಾಫಿಕ್ಸ್‌ಗೆ ತರ್ಜುಮೆ ಮಾಡಿಕೊಡುವ ಒಂದು ಉಚಿತ ಡಿಎಲ್‌ಎಲ್ ಕಡತವನ್ನು ಆಟದ ಫೋಲ್ಡರಿನಲ್ಲಿಟ್ಟ ಮೇಲೆ ನೀರು ನೀಲಿಯಾಯಿತು.

ರೀಮಾಸ್ಟರ್ ಬಂದು ಮೂಲವನ್ನು ಹೊರಗಟ್ಟುವುದನ್ನು ಮಾತ್ರ ನಾನು ಒಪ್ಪಲಾರೆ. 2020ರ ಜನವರಿಯಲ್ಲಿ ವಾರ್‌ಕ್ರಾಫ್ಟ್ 3ರ ರೀಮಾಸ್ಟರ್ ‘ರಿಫೋರ್ಜ್ಡ್’ ಬಂದಾಗ, 2002ರ ಮೂಲ ಆಟವನ್ನು ಡಿಜಿಟಲ್ ಆಗಿ ಕೊಂಡವರ ಪ್ರತಿಯೂ ಹೊಸ ತಂತ್ರಾಂಶಕ್ಕೆ ಬದಲಾಯಿತು, ಹಳೆಯದರಲ್ಲಿದ್ದ ಕೆಲವು ಸೌಲಭ್ಯಗಳು ಕಾಣೆಯಾದವು. 2021ರಲ್ಲಿ ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) ಸರಣಿಯ ಮೂರು ಆಟಗಳ ಡೆಫಿನಿಟಿವ್ ಎಡಿಷನ್ ಬರುವಾಗ ಮೂಲಗಳನ್ನು ಮಳಿಗೆಗಳಿಂದ ತೆಗೆದರು. ಹೊಸದರಲ್ಲಿ ಮಳೆ ಬಂದರೆ ರಸ್ತೆಯೇ ಕಾಣದೆ ಜನ ರೇಗಿದ ಮೇಲೆ ಮೂಲಗಳನ್ನು ಮತ್ತೆ ಕೊಟ್ಟರು. ಆ ಮೂರರಲ್ಲೊಂದಾದ ವೈಸ್ ಸಿಟಿಯ ರೇಡಿಯೋದ ಹಲವು ಹಾಡುಗಳು ಪರವಾನಗಿ ಮುಗಿದು ಡಿಜಿಟಲ್ ಪ್ರತಿಗಳಿಂದ ಮಾಯವಾಗಿವೆ. ನನ್ನ ಬೂಷ್ಟು ಹಿಡಿದ ಸಿಡಿಯಲ್ಲಿ ಇನ್ನೂ ಹಾಡುತ್ತಿವೆ.

ಬೀಗವಿಲ್ಲದ ಮಳಿಗೆಯೂ ಎಂದೆಂದಿಗೂ ಮಾರುತ್ತಲೇ ಇರುತ್ತದೆಂದು ನಂಬುವಂತಿಲ್ಲ. ವಾರ್‌ಕ್ರಾಫ್ಟ್‌ನ ಮೊದಲ ಎರಡು ಭಾಗಗಳು 2019ರಲ್ಲಿ ಗಾಗ್‌ಗೆ ಬಂದಿದ್ದವು. 2024ರ ನವೆಂಬರ್‌ನಲ್ಲಿ ಅವುಗಳ ರೀಮಾಸ್ಟರ್ ಬೇರೆಡೆ ಬಿಡುಗಡೆಯಾಯಿತು, ಡಿಸೆಂಬರ್‌ನಲ್ಲಿ ಮೂಲಗಳ ಮಾರಾಟ ಗಾಗ್‌ನಲ್ಲಿ ನಿಂತಿತು. ಆದರೆ ಅದಕ್ಕೆ ಮುನ್ನ ಕೊಂಡವರ ಪ್ರತಿಗೆ ಏನೂ ಆಗಲಿಲ್ಲ. ನನ್ನ ಎರಡೂ ಡಿಸ್ಕುಗಳಲ್ಲಿ ಅವು ಇವೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ, ಹಿಂದಕ್ಕೆ ಪಡೆಯಬಹುದಾದ ಪರವಾನಗಿಯನ್ನು ಮಾರುವವರು ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಪದ ಬಳಸುವಂತಿಲ್ಲವೆಂದು ಕಾನೂನು ಮಾಡಿತು. ಇಳಿಸಿಕೊಂಡು ಶಾಶ್ವತವಾಗಿ ಆಫ್‌ಲೈನ್ ಇಟ್ಟುಕೊಳ್ಳಬಹುದಾದ ಸರಕಿಗೆ ಆ ಕಾನೂನು ಅನ್ವಯಿಸುವುದಿಲ್ಲ. 2019ರ ಆ ಹನ್ನೊಂದು ದಿನಗಳಲ್ಲಿ ನಾನು ಕೊಂಡದ್ದು ಏನೆಂದು ನನಗೆ ಅರ್ಥವಾದದ್ದು ಆ ಸುದ್ದಿ ಓದಿದಾಗ.

ಅಟ್ಟದ ಹದಿನಾಲ್ಕು ಸಿಡಿಗಳಲ್ಲಿ ಓದಿಸಿಕೊಳ್ಳದ ಐದನ್ನು ಎಸೆದಿಲ್ಲ. ಅವುಗಳಲ್ಲೊಂದು 1996ರ ಕ್ವೇಕ್. ಅದರ ಸಂಗೀತ ಆಡಿಯೋ ಸಿಡಿಯ ಹಾಡುಗಳಂತೆ ಬೇರೆ ಜಾಡುಗಳಲ್ಲಿದೆ; ಆಟದ ಕಡತಗಳಿರುವ ಮೊದಲ ಜಾಡು ಓದುತ್ತಿಲ್ಲ, ಸಂಗೀತ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ. ಸಂಗೀತದ ಸಮೇತ ಬೀಗವಿಲ್ಲದ ಪ್ರತಿಯನ್ನು ಕಳೆದ ವರ್ಷ ಕೊಂಡಿದ್ದೇನಾದರೂ, ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಕಳೆದು ಬಿಸಿಲು ಬಂದ ಮೇಲೆ ಬೇರೊಂದು ಡ್ರೈವಿನಲ್ಲಿ ಈ ಸಿಡಿಯನ್ನು ಇನ್ನೊಮ್ಮೆ ಹಾಕಿ ನೋಡಬೇಕೆಂದಿದ್ದೇನೆ.