ಮುರಕಲ್ಲಿನ ಗೋಡೆಯಲ್ಲಿ ಒಳಬಾಗಿಲನ್ನು ಅಗಲ ಮಾಡುವುದು

ಬದಿಯಡ್ಕದ ಸಮೀಪದ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮನೆಯಲ್ಲಿ ಅಮ್ಮ ಗಾಲಿಕುರ್ಚಿ ಬಳಸತೊಡಗಿದ ಮೇಲೆ, ನಡುಕೋಣೆಯ ಬಾಗಿಲು ದಾಟುವಾಗಲೆಲ್ಲ ಅವರ ಬೆರಳಿನ ಗೆಣ್ಣು ದಾರಂದಕ್ಕೆ (ಬಾಗಿಲಿನ ಚೌಕಟ್ಟಿಗೆ) ಉಜ್ಜಿ ಚರ್ಮ ಸುಲಿಯುತ್ತಿತ್ತು. ಅದರ ಒಳ ಅಗಲ 27 ಇಂಚು ಮಾತ್ರ. ಕೈ ತಾಗದೆ ಸಾಗಲು 36 ಇಂಚು ಬೇಕು. ದಾರಂದದ ಕಾಲುಗಳು ಮೂರು ಮೂರು ಇಂಚು ಎಂದು ಲೆಕ್ಕ ಹಾಕಿದರೆ ಗೋಡೆಯಲ್ಲಿ 42 ಇಂಚಿನ ತೆರವು ಆಗಬೇಕು.

ಅಟ್ಟಕ್ಕೆ ಹತ್ತಿ, ತೊಲೆಗಳು ಗೋಡೆಯ ಮೇಲೆ ಎಲ್ಲೆಲ್ಲಿ ಕುಳಿತಿವೆ ಎಂಬುದನ್ನು ಮೊದಲು ನೋಡಬೇಕು. ತೊಲೆಯ ತುದಿ ಬಾಗಿಲಿನ ಮೇಲೆಯೇ ಬಂದಿದ್ದರೆ ಅಥವಾ ಮೇಲೆ ಕಾಂಕ್ರೀಟ್ ತಾರಸಿ ಇದ್ದರೆ, ಇಂಜಿನಿಯರರಿಗೆ ತೋರಿಸದೆ ಒಂದು ಕಲ್ಲನ್ನೂ ಅಲುಗಿಸಬಾರದು. ಪಕ್ಕದ ಗೋಡೆಯೊಳಗಿನ ವಿದ್ಯುತ್ ತಂತಿಯನ್ನು ಮೊದಲೇ ಬೇರೆಡೆಗೆ ಸರಿಸಬೇಕು. ಕೆಲಸಕ್ಕೆ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಒಳ್ಳೆಯದು, ಏಕೆಂದರೆ ಮಳೆಗಾಲದಲ್ಲಿ ಮುರಕಲ್ಲು ನೀರು ಹೀರುತ್ತದೆ, ಹಳೆಯ ಮಣ್ಣಿನ ಗಾರೆ ಮೆತ್ತಗಾಗುತ್ತದೆ.

ಹಳೆಯ ದಾರಂದವನ್ನು ಕಿತ್ತ ಮೇಲೆ ಲಿಂಟಲಿನ, ಅಂದರೆ ಬಾಗಿಲಿನ ಮೇಲೆ ಗೋಡೆಯ ಭಾರ ಹೊರುವ ಅಡ್ಡತೊಲೆಯ, ಯೋಚನೆ ಮಾಡುವ ಮೇಸ್ತ್ರಿಗಳಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಮೇಲಿನ ಗೋಡೆಯ ಭಾರ ಹೊಸ ಲಿಂಟಲಿಗೆ ಸೇರುವವರೆಗೆ ಹಳೆಯದು ಅದರ ಜಾಗದಲ್ಲೇ ಇರಬೇಕು. ಒಂಬತ್ತು ಇಂಚಿನ ಗೋಡೆಗೆ ನಾಲ್ಕು ಇಂಚು ಅಗಲ, ಆರು ಇಂಚು ಎತ್ತರ, 58 ಇಂಚು ಉದ್ದದ ಎರಡು ಲಿಂಟಲುಗಳನ್ನು ಅಂಗಳದಲ್ಲೇ ಎರಕ ಹೊಯ್ದು, ಒದ್ದೆ ಗೋಣಿ ಹೊದಿಸಿ ಮೂರು ವಾರ ನೀರುಣಿಸಬೇಕು. ಕಬ್ಬಿಣದ ದಪ್ಪ ಸರಳುಗಳಿರುವ ಬದಿ ಕೆಳಗೆ ಬರಬೇಕಾದ್ದರಿಂದ ಎರಕದ ದಿನವೇ ಮೇಲ್ಮುಖಕ್ಕೆ ಗುರುತು ಹಾಕಿಡಬೇಕು. ಒಂದೊಂದೂ ಸುಮಾರು 55 ಕಿಲೋ ತೂಗುತ್ತದೆ. ಎತ್ತಲು ಮೂವರು ಬೇಕು.

ಅಟ್ಟದ ತೊಲೆಗಳಿಗೆ ಗೋಡೆಯ ಎರಡೂ ಬದಿ ಕೆಳಗಿನಿಂದ ಆನಿಸಿ ಹಿಡಿಯುವ ಜಾಕಿ ಕೊಟ್ಟ ಬಳಿಕ, ಹಳೆಯ ಲಿಂಟಲಿನ ಮೇಲ್ಗಡೆ ಒಂದು ಬದಿಯಿಂದ ಗೋಡೆಯ ಅರ್ಧ ದಪ್ಪದಷ್ಟು ಮಾತ್ರ ಉದ್ದ ತೋಡು ಕೊರೆಯಬೇಕು. ಇದಕ್ಕೆ ಸುತ್ತಿಗೆ ಬೇಡ, ಕಲ್ಲು ಕೊಯ್ಯುವ ಯಂತ್ರವೇ ಬೇಕು, ಏಕೆಂದರೆ ಪೆಟ್ಟು ಬಿದ್ದರೆ ಮಣ್ಣಿನ ಸಂದುಗಳು ದೂರದವರೆಗೆ ಸಡಿಲವಾಗುತ್ತವೆ. ಮೊದಲ ಲಿಂಟಲನ್ನು ಎರಡೂ ತುದಿಯಲ್ಲಿ ಎಂಟೆಂಟು ಇಂಚು ಗೋಡೆಯ ಮೇಲೆ ಕೂರುವಂತೆ ಇಟ್ಟು, ಮೇಲಿನ ಸಂದಿಗೆ ಕಲ್ಲಿನ ಚಕ್ಕೆಗಳನ್ನು ಬಿಗಿದು, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಯನ್ನು, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಮಾತ್ರ ತೇವದಲ್ಲಿ ಕಲಸಿ, ಕೋಲಿನಿಂದ ಕುಟ್ಟಿ ತುಂಬಬೇಕು. ಇಲ್ಲಿ ಬೆರಳಗಲದ ಟೊಳ್ಳು ಉಳಿದರೂ ಮೇಲಿನ ಗೋಡೆ ಅಷ್ಟು ಕುಸಿದು ಬಿರುಕು ಬಿಡುತ್ತದೆ. ಒಂದು ವಾರ ಕಾದು ಇನ್ನೊಂದು ಬದಿಯನ್ನು ಹಾಗೆಯೇ ಮಾಡಿ, ಮತ್ತೊಂದು ವಾರ ಬಿಡಬೇಕು.

ಆಮೇಲೆ ಹಳೆಯ ಲಿಂಟಲನ್ನೂ ದಾರಂದವನ್ನೂ ತೆಗೆದು, ಪಕ್ಕದ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಕೊಯ್ಯಬಹುದು. ಕೊಯ್ದ ಅಂಚಿನಲ್ಲಿ ಅಲುಗುವ ತುಂಡುಗಳನ್ನು ಬದಲಿಸಿ ಸಿಮೆಂಟಿನಲ್ಲಿ ಕಟ್ಟಬೇಕು.

ಹೊಸ ದಾರಂದಕ್ಕೆ ಹೊಸಿಲು ಇಡಬಾರದು. ನಮ್ಮಲ್ಲಿ ಹೊಸಿಲಿಲ್ಲದ ಬಾಗಿಲೆಂದರೆ ಮನಸ್ಸು ಹಿಂಜರಿಯುತ್ತದೆ, ಆಚಾರಿಯೂ ಎರಡು ಸಲ ಕೇಳಿದರು. ಅಮ್ಮನೇ, ಹೊರಬಾಗಿಲಿಗೆ ಇದ್ದರೆ ಸಾಕು ಎಂದರು. ಕಿತ್ತ ಹೊಸಿಲಿನ ಗುಂಡಿಗೆ ಕಾಂಕ್ರೀಟು ತುಂಬಿ, ಎರಡೂ ಕೋಣೆಗಳ ನೆಲಕ್ಕೆ ಸಮ ಬರುವಂತೆ ನಯಗೊಳಿಸಿದೆವು.